ಒಂದೇ ಮೈಲಿಗೆ, ಒಂದೇ ಶುದ್ಧಿ

ಹೇರಂಬ ಭಟ್ಟರಿಗೆ ಡಾಕ್ಟರ ಮೇಲೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ತಲೆ ಸಿಡಿಯುತ್ತಿತ್ತು, ವಾಂತಿ ಆಗಿ ಆಗಿ ಸುಸ್ತಾಗಿತ್ತು, ಈಗ ಅಂಗೈ ಚರ್ಮವೂ ಸುಲಿಯತೊಡಗಿತ್ತು. ಇಂಥ ಕೈಯಲ್ಲಿ ಅರಳಸುರಳಿ ದೇವಸ್ಥಾನದ ದೇವರನ್ನು ಮುಟ್ಟಿ ಪೂಜೆ ಮಾಡುವುದು ಹೇಗೆ?

"ಎಲ್ಲ ಆ ಮನೆಹಾಳ ಡಾಕ್ಟರಿಂದ!"

"ದಿನಕ್ಕೆ ಒಂದೇ ಮಾತ್ರೆ ಅಂದಿದ್ರು ಅವ್ರು." ಹೆಂಡತಿ ಸೀತಮ್ಮ ಸೌಟು ಕುಕ್ಕಿದರು. "ತಿಂಗಳ ಮಾತ್ರೆನೆಲ್ಲ ಒಟ್ಟಿಗೇ ನುಂಗಿದ್ದು ಯಾರು? ನಾನಾ?"

ಆದದ್ದಿಷ್ಟು. ಹೊತ್ತು ಮುಳುಗಿದರೆ ಭಟ್ಟರಿಗೆ ಕಣ್ಣು ಕಾಣುತ್ತಿರಲಿಲ್ಲ. (ಒಮ್ಮೆ ದೇವರನ್ನು ಬಿಟ್ಟು ಕಂಬಕ್ಕೆ ಮಂಗಳಾರತಿ ಎತ್ತಿದ್ದರು.) ತೀರ್ಥಹಳ್ಳಿಯ ಡಾಕ್ಟರು ವಿಟಮಿನ್ ಎ ಮಾತ್ರೆ ಕೊಟ್ಟರು. ಮೇಷ್ಟ್ರಾಗಿದ್ದ ಭಾವ ಸುಬ್ಬಕೃಷ್ಣ, "ಅದು ಮೀನಿನ ಲಿವರ್ ಎಣ್ಣೆಯಿಂದ ತೆಗೆಯೋದು" ಎಂದು ಕಿವಿ ಊದಿದ. ಮಾತ್ರೆ ಬಿಟ್ಟರೆ ಕಣ್ಣು ಹೋಗಿ ಪೂಜೆ ಹೋಗುತ್ತದೆ; ನುಂಗಿದ್ದು ಊರಿಗೆ ತಿಳಿದರೆ ಆಗಲೂ ಪೂಜೆ ಹೋಗುತ್ತದೆ. ಭಟ್ಟರ ಮಹಾಮೇಧಾಶಕ್ತಿ ಜಾಗೃತವಾಯಿತು. ದಿನಾ ಮೈಲಿಗೆಯಾಗಿ ದಿನಾ ಶುದ್ಧಿ ಮಾಡಿಕೊಳ್ಳುವುದು ಯಾರಿಗೆ ಬೇಕು? ಕೊಟ್ಟಿಗೆಯಲ್ಲಿ ನಿಂತು ಇಡೀ ಶೀಸೆ ಖಾಲಿ ಮಾಡಿದರು. ತಲೆಗೆ ಸ್ನಾನ ಮಾಡಿ, ಜನಿವಾರ ಬದಲಿಸಿ, ಪಂಚಗವ್ಯ ಕುಡಿದು ನಿರಾಳವಾದರು.

ಈಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಗಳವಾಡುತ್ತ ಇಬ್ಬರೂ ತೀರ್ಥಹಳ್ಳಿಗೆ ಬಂದರು. ಡಾಕ್ಟರ ಷಾಪಿನ ಬೆಂಚಿನ ತುಂಬ ಜನ. ಮಂಡಿನೋವಿಗೆಂದು ಬಂದ ದೇವಸ್ಥಾನದ ಮೊಕ್ತೇಸರ ಉಮಾಮಹೇಶ್ವರಯ್ಯನವರೂ ಮೂಲೆಯಲ್ಲಿ ಕೂತಿದ್ದರು. ಸಿಟ್ಟಿನ ಭರದಲ್ಲಿ ಭಟ್ಟರಿಗೆ ಅವರು ಕಾಣಲಿಲ್ಲ.

ಡಾಕ್ಟರು ಕಥೆ ಕೇಳಿ ಹಣೆ ಚಚ್ಚಿಕೊಂಡರು. "ಇದು ಹೆಚ್ಚಾದ್ರೆ ಮೂತ್ರದಲ್ಲಿ ಹೋಗೋ ವಿಟಮಿನ್ ಅಲ್ಲ ಭಟ್ರೇ. ಲಿವರಲ್ಲಿ ಹೋಗಿ ಕೂರ್ತದೆ. ಅಲ್ಲಿ ಹಿಡಿಸದಷ್ಟಾದ್ರೆ ತಲೆನೋವು, ವಾಂತಿ, ಚರ್ಮ ಸುಲಿಯೋದು ಎಲ್ಲ ಶುರು. ನಿಮ್ಮ ಈ ಸಿಟ್ಟೂ ಅದರದ್ದೇ ಇರಬಹುದು."

"ಸಿಟ್ಟು ಮದುವೆ ದಿನದಿಂದ್ಲೂ ಇದೆ," ಎಂದರು ಸೀತಮ್ಮ.

ಭಟ್ಟರು ಸಿಡಿದೆದ್ದರು. "ದೇವರನ್ನ ಮುಟ್ಟೋ ಬ್ರಾಹ್ಮಣನ ಬಾಯಿಗೆ ಮೀನು ಹಾಕಿದ್ರಲ್ರೀ! ನಿಮ್ಗೆ ಮಾನ ಮರ್ಯಾದೆ ಇದ್ಯಾ?"

ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿದರು.

"ಯಾವ ಮೀನು ಮಾರಾಯ್ರೆ? ಈ ಮಾತ್ರೆ ಕಾರ್ಖಾನೆಯಲ್ಲಿ ಮಾಡಿದ್ದು, ಮಜ್ಜಿಗೆಹುಲ್ಲಿನ ಎಣ್ಣೆಯಿಂದ. ನಿಮ್ಮನೆ ಹಿತ್ತಲಲ್ಲೇ ಇರ್ತದಲ್ಲ, ಕಷಾಯಕ್ಕೆ ಹಾಕ್ತೀರಲ್ಲ, ಅದೇ ಹುಲ್ಲು!"

ಭಟ್ಟರಿಗೆ ಹೋದ ಜೀವ ಬಂದಂತಾಯಿತು. ತಿರುಗಿ ನೋಡಿದರೆ ಮೊಕ್ತೇಸರರು! "ಅಯ್ಯೋ, ನೀವೂ ಇಲ್ಲೇ ಇದ್ರಾ! ಕೇಳಿದ್ರಲ್ಲ? ಹುಲ್ಲಂತೆ! ಬರೀ ಹುಲ್ಲು!"

"ಕೇಳ್ದೆ ಭಟ್ರೇ," ಎಂದರು ಮೊಕ್ತೇಸರರು ಮಂಡಿ ನೀವಿಕೊಳ್ಳುತ್ತ. "ಹುಲ್ಲು ಅಂತ ಗೊತ್ತಾಗಿದ್ದು ಈಗ. ನುಂಗುವಾಗ ಎಂತ ಅಂದ್ಕೊಂಡು ನುಂಗಿದ್ರಿ?"

ಭಟ್ಟರು ಹೆಂಡತಿಯ ಮುಖ ನೋಡಿದರು.

"ಹೇಳಿ," ಎಂದರು ಸೀತಮ್ಮ. "ಕೇಳ್ತಿದಾರಲ್ಲ."