ಶಂಕ್ರೆಪ್ಪನ ಬ್ಯಾರಲ್ ಭಟ್ಟಿಯಾದ ಪ್ರಕರಣ

ಸಿಂದಗಿಯಲ್ಲಿರುವ ಗ್ರಾಮೀಣ ಕಳ್ಳಭಟ್ಟಿ ನಿರ್ಮೂಲನ ಉಪಕಚೇರಿಯು ಕಳೆದ ಒಂಬತ್ತು ವರ್ಷಗಳಲ್ಲಿ ಒಂದೇ ಒಂದು ಕಳ್ಳಭಟ್ಟಿಯನ್ನೂ ನಿರ್ಮೂಲನ ಮಾಡಿರಲಿಲ್ಲ. ಕಾರಣ, ತಾಲ್ಲೂಕಿನಲ್ಲಿ ಕಳ್ಳಭಟ್ಟಿ ಇರಲಿಲ್ಲ. ಇದನ್ನು ಕಚೇರಿಯ ಸಾಧನೆ ಎಂದು ಯಾರಾದರೂ ತಪ್ಪು ತಿಳಿದಾರು. ಮೇಲಿನವರು ಹಾಗೆ ತಿಳಿಯಲಿಲ್ಲ. ಮಾರ್ಚ್ ಮೂವತ್ತೊಂದರೊಳಗೆ ಭಟ್ಟಿಯೊಂದು ಪತ್ತೆಯಾಗದಿದ್ದರೆ ಉಪಕಚೇರಿಯನ್ನು ಮುಚ್ಚಿ, ಅಧಿಕಾರಿ ಸಂಜೀವಕುಮಾರರನ್ನೂ ಗುಮಾಸ್ತ ಬಸವಂತರಾಯರನ್ನೂ ಬೀದರ ಜಿಲ್ಲೆಯ ಗಡಿಗೆ ವರ್ಗ ಮಾಡಲಾಗುವುದೆಂದು ಪತ್ರ ಬಂತು. ಪತ್ರ ಓದಿದ ದಿನದಿಂದ ಇಬ್ಬರೂ ಜೀಪಿನಲ್ಲಿ ಊರೂರು ತಿರುಗಿ, ಎಲ್ಲಿ ಹೊಗೆ ಎದ್ದರೂ ಇಳಿದು ಮೂಸಿ ನೋಡತೊಡಗಿದರು.

ಇದೇ ಹೊತ್ತಿಗೆ, ಆಲಮೇಲದ ದಾರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಶಂಕ್ರೆಪ್ಪನ ಮನೆಯಲ್ಲಿ ಬೇರೆಯೇ ಒಂದು ಅಗತ್ಯ ಹುಟ್ಟಿಕೊಂಡಿತ್ತು. ಅವನ ಮಗಳು ದಾನೇಶ್ವರಿ ಚೊಚ್ಚಲ ಹೆರಿಗೆಗೆಂದು ತಂಗಡಗಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಎಂಟನೇ ತಿಂಗಳಲ್ಲಿ ಬಿದ್ದು ನಾಲ್ಕು ದಿನವಾಗಿತ್ತು. ಒಂದು ಮಧ್ಯಾಹ್ನ ಮೊಬೈಲಿನಲ್ಲಿ, ಯಾರೋ ಕೆಂಪು ಗಡ್ಡದ ಪರದೇಶಿ ಎಣ್ಣೆ ಬ್ಯಾರಲಿನೊಳಗೆ ಕೋಳಿ ಇಟ್ಟು ಆರು ತಾಸು ಹೊಗೆ ಹಿಡಿಸುವುದನ್ನು ಕಂಡಳು. ಕೋಳಿ ಹೊರಬಂದಾಗ ಅದರ ಬಣ್ಣ ನೋಡಿ ಅವಳ ಬಾಯಲ್ಲಿ ನೀರು ಬಂತು.

"ಅಪ್ಪಾ, ನನಗ ಇಂಥಾ ಕೋಳಿ ತಿನ್ನಬೇಕು ಅನಸಾಕತ್ತೈತಿ."

ಬಸುರಿಯ ಬಯಕೆ ಬಾಕಿ ಉಳಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಇದು ಅವಳ ತಾಯಿ ಗುಂಡವ್ವನ ಪಾಲಿಗೆ ನಂಬಿಕೆಯಲ್ಲ, ಕಾಯಿದೆ. "ನಾ ಇಕಿ ಬಸರಿದ್ದಾಗ ಅಗರಖೇಡದ ಬಾರಿಹಣ್ಣು ತರತೇನಿ ಅಂದ್ರಿ, ತರಲಿಲ್ಲ," ಎಂದಳು ಗಂಡನಿಗೆ. "ಇಕಿ ಕಿವಿ ಮೂರು ವರ್ಷ ಸೋರ್ತು. ಈ ಸರ್ತಿ ಹಂಗ ಆದ್ರ ನಾ ಸುಮ್ಕಿರಂಗಿಲ್ಲ ನೋಡ್ರಿ."

ಶಂಕ್ರೆಪ್ಪನಿಗೂ ಆ ಬಾರಿಹಣ್ಣಿನದು ಇಪ್ಪತ್ಮೂರು ವರ್ಷದ ಸಂಕಟ. ಮರುದಿನವೇ ಸಿಂದಗಿಗೆ ಹೋಗಿ ದಸ್ತಗೀರಸಾಬನ ಗುಜರಿ ಅಂಗಡಿಯಲ್ಲಿ ಶೇಂಗಾ ಎಣ್ಣೆಯ ಖಾಲಿ ಬ್ಯಾರಲ್ ಒಂದನ್ನು ಬಡಿದು, ಬಗ್ಗಿ, ಮೂಸಿ ಆರಿಸಿ ತಂದ. ಮುಂಭಾಗ ಕತ್ತರಿಸಿ ಬಾಗಿಲು ಮಾಡಿದ. ಅದರ ಕೀಲಾಗಿ ಕಬ್ಬಿನ ಟ್ರೇಲರಿನ ಹಳೆಯ ತಿರುಗಣಿ ಹಾಕಿದ. ತಳದಲ್ಲಿ ಗಾಳಿಗೆಂದು ಆರು ತೂತು ಕೊರೆದು, ಒಂದೊಂದಕ್ಕೂ ತಗಡಿನ ಮುಚ್ಚಳ ಕೂರಿಸಿದ. ಒಳಗೆ ಸರಳಿನ ಜಾಳಿಗೆ, ಮೇಲೆ ಬೋರ್‌ವೆಲ್ ಪೈಪಿನ ಚಿಮಣಿ. ಕಾವು ಎಷ್ಟಿದೆ ಎಂದು ತಿಳಿಯಲು ಕೆಟ್ಟುಹೋದ ಟ್ರ್ಯಾಕ್ಟರಿನ ಮೀಟರು ಬಿಚ್ಚಿ ಬಾಗಿಲಿಗೆ ಜೋಡಿಸಿದ. ಎರಡು ಸಲ ಸಗಣಿ ಕುಳ್ಳಿನ ಬೆಂಕಿ ಹಾಕಿ ಬಣ್ಣವನ್ನೆಲ್ಲ ಸುಟ್ಟು, ಹೊಸ ಹಂಚಿಗೆ ಎಣ್ಣೆ ಸವರುವ ಹಾಗೆ ಒಳಗೆಲ್ಲ ಸವರಿದ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ. ಮೂವತ್ತು ವರ್ಷದಲ್ಲಿ ಇಷ್ಟು ಚಂದದ ಕೆಲಸ ತಾನು ಮಾಡಿರಲಿಲ್ಲ ಎನಿಸಿ ಅವನಿಗೆ ಹೆಮ್ಮೆಯಾಯಿತು.

ಬುಧವಾರ ಬೆಳಿಗ್ಗೆ ಗುಂಡವ್ವ ಜವಾರಿ ಕೋಳಿಗೆ ಬೆಲ್ಲ, ಖಾರ, ಬೆಳ್ಳುಳ್ಳಿ, ಇಂಡಿ ಊರಿನ ಲಿಂಬೆರಸ ಸವರಿ ಒಳಗಿಟ್ಟಳು. ಜಾಲಿ ಕಟ್ಟಿಗೆ ಹೊತ್ತಿಕೊಂಡಿತು. ದಾನೇಶ್ವರಿ ಬ್ಯಾರಲಿನ ಎದುರೇ ಕುರ್ಚಿ ಹಾಕಿಕೊಂಡು ಕುಳಿತಳು. ಚಿಮಣಿಯಿಂದ ತೆಳ್ಳಗೆ ನೀಲಿ ಹೊಗೆ ಎದ್ದು ಆಲಮೇಲದ ರಸ್ತೆಗೆ ಹರಿಯಿತು. ಅರ್ಧ ತಾಸು ಆಗಿರಲಿಲ್ಲ, ಜೀಪು ಬಂದು ನಿಂತಿತು.

"ಏನ್ರಿ ಇದು?" ಎಂದರು ಸಂಜೀವಕುಮಾರ.

"ಬ್ಯಾರಲ್ರಿ," ಎಂದ ಶಂಕ್ರೆಪ್ಪ.

"ಪೈಪ್ ಯಾಕ ಐತಿ?"

"ಹೊಗಿ ಹೋಗಾಕ್ರಿ."

"ಒಳಗ ಏನಿಟ್ಟೀರಿ?"

"ಕೋಳಿರಿ. ಬೆಲ್ಲ ಸವರೇವ್ರಿ."

ಸಂಜೀವಕುಮಾರರ ಕಣ್ಣು ತುಂಬಿ ಬಂತು. "ಬಸವಂತರಾಯ್ರ, ಬ್ಯಾರಲ್ ಐತಿ, ಪೈಪ್ ಐತಿ, ಜಾಲಿ ಐತಿ, ಬೆಲ್ಲ ಐತಿ. ಇನ್ನೇನ ಬೇಕ್ರಿ?"

ಬೆಲ್ಲವನ್ನೂ ಜಾಲಿಯ ತೊಗಟೆಯನ್ನೂ ಕೊಳೆಸಿ, ಬ್ಯಾರಲಿನಲ್ಲಿ ಕುದಿಸಿ, ಆವಿಯನ್ನು ಪೈಪಿನಿಂದ ಇಳಿಸಿದರೆ ಸೆರೆ, ಅಂದರೆ ಸಾರಾಯಿ, ಆಗುತ್ತದೆ ಎಂಬುದನ್ನು ಇಬ್ಬರೂ ತರಬೇತಿಯಲ್ಲಿ ಕಲಿತಿದ್ದರು. ಕೋಳಿಯ ಬಗ್ಗೆ ತರಬೇತಿಯಲ್ಲಿ ಏನೂ ಹೇಳಿರಲಿಲ್ಲ. ಆದ್ದರಿಂದ ಅದನ್ನು ವಿರುದ್ಧ ಸಾಕ್ಷ್ಯವೆಂದು ಪರಿಗಣಿಸಲು ಅವಕಾಶವಿರಲಿಲ್ಲ.

"ಕೋಳಿಯಿಂದ ಸೆರಿ ಇಳಸೂದು ಎಲ್ಲಿ ಕೇಳೀರಿ?" ಎಂದು ಗುಂಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಬಸರ ಹೆಂಗಸು ಬಯಕಿ ಇಟ್ಕೊಂಡು ಕುಂತಾಳ. ತಿನ್ಲಿ, ಆಮ್ಯಾಲ ಒಯ್ಯಿರಿ."

"ಬಯಕಿಗೆ ನಮ್ಮಲ್ಲಿ ಕಾಲಂ ಇಲ್ಲಬೇ," ಎಂದು ಬಸವಂತರಾಯರು ವಿನಯದಿಂದ ಹೇಳಿ ಪಂಚನಾಮೆ ಬರೆಯತೊಡಗಿದರು. ಸ್ಥಳದಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯಬೇಕೆಂಬ ನಿಯಮವನ್ನು ಅವರು ಎಂದೂ ಮೀರಿದವರಲ್ಲ. "ಜಪ್ತಿ ಮಾಡಿದ ಮುದ್ದೆಮಾಲಿನ ವಿವರ: ಕಬ್ಬಿಣದ ಬ್ಯಾರಲ್ ಒಂದು, ತಳದಲ್ಲಿ ಆರು ತೂತು, ಮುಂದೆ ಬಾಗಿಲು, ಮೇಲೆ ನೆಟ್ಟಗಿನ ಪೈಪು ಉಳ್ಳದ್ದು. ಉರಿಯುತ್ತಿರುವ ಜಾಲಿ ಕಟ್ಟಿಗೆ, ಅಂದಾಜು ಒಂದು ಹೊರೆ. ಬೆಲ್ಲ ಸವರಿದ ಕೋಳಿ ಒಂದು. ಎಂಟು ತಿಂಗಳ ಗರ್ಭಿಣಿ ಒಬ್ಬಳು, ಕುರ್ಚಿ ಸಮೇತ." ದಾರಿಹೋಕರಿಬ್ಬರು ಪಂಚರಾಗಿ ಸಹಿ ಹಾಕಿದರು. ಒಂದು ಪ್ರತಿಯನ್ನು ಶಂಕ್ರೆಪ್ಪನಿಗೆ ಕೊಡಲಾಯಿತು.

ಬೆಂಕಿ ಆರಿಸಿದ ಮೇಲೆ ಬ್ಯಾರಲ್ ಜೀಪಿಗೆ ಏರಿತು. ಗರ್ಭಿಣಿಯನ್ನು, ಜೀಪಿನಲ್ಲಿ ಜಾಗವಿಲ್ಲದ ಕಾರಣ, ಮನೆಯಲ್ಲೇ ಬಿಡಲಾಯಿತು. ಕೋಳಿಯು ಕೆಡುವ ಸ್ವತ್ತಾದ್ದರಿಂದ ಅದೇ ಸಂಜೆ ಕಚೇರಿಯಲ್ಲಿ ವಿಲೇವಾರಿ ಆಯಿತು. ವಿಲೇವಾರಿಗೆ ಎರಡು ಉಳ್ಳಾಗಡ್ಡಿ ಮತ್ತು ಆರು ರೊಟ್ಟಿ ಬಳಸಲಾಯಿತೆಂದು ಕಡತದಲ್ಲಿ ನಮೂದಾಗಿದೆ. ದಾನೇಶ್ವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಅವತ್ತು ಅತ್ತದ್ದನ್ನು ಶಂಕ್ರೆಪ್ಪನಿಂದ ನೋಡಲಾಗಲಿಲ್ಲ.

ಮರುದಿನ ಅವನು ಸಿಂದಗಿಗೆ ಹೋಗಿ ಕೈಮುಗಿದು ನಿಂತ. ಸಂಜೀವಕುಮಾರರು ಒಳ್ಳೆಯ ಮನುಷ್ಯರು. ಕುರ್ಚಿ ತೋರಿಸಿ, ಚಹಾ ತರಿಸಿದರು.

"ಭಟ್ಟಿ ಅಲ್ಲ ಅಂತೀರಿ. ನಾನೂ ಅಲ್ಲ ಅಂತೇನಿ ಅಂತ ಇಟ್ಕೋರಿ. ಆದ್ರ ಕಾಗದ ಅನಬೇಕಲ್ರಿ? ಹದಿನಾಲ್ಕನೇ ನಿಯಮ ಐತಿ. ಬ್ಯಾರಲ್‌ದಾಗ ಸೆರಿ ಇಳಸಾಕ ನೋಡಬೇಕು. ಇಳೀಲಿಲ್ಲ ಅಂದ್ರ ಅದು ಭಟ್ಟಿ ಅಲ್ಲ. ಆವತ್ತ ಹೊತಗೊಂಡು ಹೋಗ್ರಿ."

ಶಂಕ್ರೆಪ್ಪನಿಗೆ ಜೀವ ಬಂದಂತಾಯಿತು. ಆರು ತೂತಿನ ಬ್ಯಾರಲಿನಲ್ಲಿ ಸೆರೆ ಹೇಗೆ ಇಳಿದೀತು? ನಿಯಮದಂತೆ ಪರೀಕ್ಷೆಯ ಸಾಮಗ್ರಿಯನ್ನು ಅರ್ಜಿದಾರನೇ ಒದಗಿಸಬೇಕಿತ್ತು. ಅವನು ಬೆಲ್ಲ ತಂದುಕೊಟ್ಟ. ಕಚೇರಿಯ ಹಿತ್ತಲಲ್ಲಿ ಅದನ್ನು ಒಂದು ವಾರ ಕೊಳೆಹಾಕಲಾಯಿತು. ಪರೀಕ್ಷೆಯ ದಿನ ಬ್ಯಾರಲಿಗೆ ಸುರಿದ ಕೂಡಲೇ ಎಲ್ಲವೂ ಆರು ತೂತಿನ ಮುಚ್ಚಳಗಳ ಸಂದಿನಿಂದ ಹರಿದು ಬಸವಂತರಾಯರ ಚಪ್ಪಲಿ ತೋಯಿಸಿತು.

"ಇಳೀಲಿಲ್ರಿ!" ಎಂದು ಶಂಕ್ರೆಪ್ಪ ಹಿಗ್ಗಿದ.

"ಪರೀಕ್ಷೆ ಅಪೂರ್ಣ," ಎಂದು ಬಸವಂತರಾಯರು ಬರೆದರು. "ಸೋರಿದ್ದಕ್ಕ ಇಳೀಲಿಲ್ಲೋ, ಭಟ್ಟಿ ಅಲ್ಲ ಅಂತ ಇಳೀಲಿಲ್ಲೋ, ಹೆಂಗ ಗೊತ್ತಾಗಬೇಕು? ತೂತು ಮುಚ್ಚಿಕೊಡ್ರಿ. ಜಲ್ದಿ ಮುಗಸಿಬಿಡೂಣು."

ಜಲ್ದಿ ಎಂಬ ಮಾತಿಗೆ ಶಂಕ್ರೆಪ್ಪ ಸೋತ. ವೆಲ್ಡಿಂಗ್ ಮಶೀನು ತಂದು ಆರೂ ತೂತು ಮುಚ್ಚಿದ. ಇಲ್ಲಿ ಅವನ ಸ್ವಭಾವದ ಬಗ್ಗೆ ಒಂದು ಮಾತು ಹೇಳಲೇಬೇಕು: ಅವನಿಗೆ ಕೆಟ್ಟ ಕೆಲಸ ಮಾಡಲು ಬರುತ್ತಿರಲಿಲ್ಲ. ಬೇಕೆಂದೇ ಒಂದು ಸಂದು ಬಿಟ್ಟಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಕೈ ಕೇಳಬೇಕಲ್ಲ. ಎರಡನೇ ಪರೀಕ್ಷೆಯಲ್ಲಿ ಆವಿಯೆಲ್ಲ ಬಾಗಿಲ ಸಂದಿನಿಂದ ಹೋಯಿತು. ಬಾಗಿಲನ್ನೂ ಬಿಗಿ ಮಾಡಲು ಹೇಳಿದರು, ಮಾಡಿದ. ಮೂರನೆಯದರಲ್ಲಿ ಆವಿ ನೆಟ್ಟಗಿನ ಪೈಪಿನಿಂದ ಆಕಾಶಕ್ಕೆ ಹೋಯಿತು. ಪೈಪು ಬಗ್ಗಿಸಿ ತಣ್ಣೀರಿನ ಬಕೆಟ್ಟಿನೊಳಗಿಂದ ತರಲು ಹೇಳಿದರು, ತಂದ. ಒಂದು ಹನಿ ನೀರೂ ಜಿನುಗದ ಹಾಗೆ ಬೆಸೆದು, ಉಜ್ಜಿ, ನುಣುಪು ಮಾಡಿದ.

ನಾಲ್ಕನೇ ಪರೀಕ್ಷೆಯಲ್ಲಿ ಪೈಪಿನ ತುದಿಯಿಂದ ಒಂದೂವರೆ ಬಾಟಲಿ ತಿಳಿಯಾದ ದ್ರವ ಇಳಿಯಿತು. ಬಸವಂತರಾಯರು ಮಾದರಿಯನ್ನು ಸ್ವತಃ ಪರೀಕ್ಷಿಸಿ, ಸಂಜೆ ನಾಲ್ಕರವರೆಗೆ ಮಲಗಿ, ಎದ್ದು ವರದಿ ಬರೆದರು: "ಸದರಿ ಬ್ಯಾರಲ್ ಉತ್ತಮ ದರ್ಜೆಯ ಕಳ್ಳಭಟ್ಟಿಯಾಗಿರುತ್ತದೆ." ಸಂಜೀವಕುಮಾರರು ಶಂಕ್ರೆಪ್ಪನ ಎರಡೂ ಕೈ ಹಿಡಿದುಕೊಂಡರು. ಬೀದರದ ವರ್ಗ ತಪ್ಪಿತು, ವಿಜಾಪೂರದ ದೊಡ್ಡ ಸಾಹೇಬರೇ ಭಟ್ಟಿ ನೋಡಲು ಬರುತ್ತಾರೆ ಎಂದು ಹೇಳಿದರು. ಇನ್ನು ಬ್ಯಾರಲನ್ನು ಕೊಡುವ ಮಾತೇ ಇರಲಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನಂತೆ ಶಂಕ್ರೆಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ದಾನೇಶ್ವರಿಗೆ ಒಂಬತ್ತರಲ್ಲಿ ಇಪ್ಪತ್ತು ದಿನ ಕಳೆದಿತ್ತು.

"ಇನ್ನೊಂದು ಬ್ಯಾರಲ್ ತರ್ರಿ," ಎಂದಳು ಗುಂಡವ್ವ.

"ತಂದ್ರ ಅದನ್ನೂ ಒಯ್ತಾರ. ಆ ಜೀಪು ದಿನಾ ನಮ್ಮ ಅಂಗಡಿ ಮುಂದ ತಿರಗಾಕತ್ತೈತಿ."

ಗುಂಡವ್ವ ಪಂಚನಾಮೆಯ ಪ್ರತಿಯನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಸಿಂದಗಿಗೆ ಹೋಗಿ, ಕಚೇರಿಯ ಮೂಲೆಯಲ್ಲಿ ಸೀಲು ಹಾಕಿ ನಿಲ್ಲಿಸಿದ್ದ ಬ್ಯಾರಲಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಬೆನ್ನ ಹಿಂದೆ ಶಂಕ್ರೆಪ್ಪ ನಿಂತಿದ್ದ.

"ಸಾಹೇಬ್ರ, ವಿಜಾಪೂರದಿಂದ ದೊಡ್ಡ ಸಾಹೇಬ್ರು ಯಾವಾಗ ಬರ್ತಾರ?" ಎಂದು ಗುಂಡವ್ವ ಕೇಳಿದಳು.

"ಬರೂ ಬುಧವಾರಬೇ," ಎಂದರು ಸಂಜೀವಕುಮಾರ. "ಮುದ್ದೆಮಾಲು ಪರಿಶೀಲನಾ ಮಾಡಾಕ."

"ಹಂಗಾರ ಒಂದು ಕೇಳ್ತೇನಿ. ಈ ಕಾಗದದಾಗ ಆರು ತೂತು ಅಂತ ಬರದೀರಿ. ಎಲ್ಲಿ ಅದಾವ ತೋರಸ್ರಿ. ಪೈಪ್ ನೆಟ್ಟಗ ಐತಿ ಅಂತ ಬರದೀರಿ. ಇದ್ಯಾಕ ಹಾವಿನಂಗ ಸುತ್ತೇತಿ? ದೊಡ್ಡ ಸಾಹೇಬ್ರು ನೋಡಿ, ಹಿಡದದ್ದ ಬ್ಯಾರೆ, ಇಟ್ಟದ್ದ ಬ್ಯಾರೆ ಅಂದ್ರ ಬೀದರಕ್ಕ ಯಾರು ಹೋಗಬೇಕ್ರಿ?"

ಬಸವಂತರಾಯರು ಪಂಚನಾಮೆ ತೆಗೆದರು, ಪರೀಕ್ಷಾ ವರದಿ ತೆಗೆದರು. ಎರಡೂ ಸತ್ಯವಾಗಿದ್ದವು. ಎರಡನ್ನೂ ಒಂದೇ ದಿನ ಯಾರೂ ಓದಿರಲಿಲ್ಲ.

"ಶಂಕ್ರೆಪ್ಪಾ," ಎಂದರು ಸಂಜೀವಕುಮಾರ, "ಮೊದಲಿನಂಗ ಮಾಡಿಕೊಡ್ತೀಯೇನಪ್ಪಾ?"

ಶಂಕ್ರೆಪ್ಪ ಎರಡೇ ದಿನದಲ್ಲಿ ತೂತು ಬಿಡಿಸಿ, ಪೈಪು ನೆಟ್ಟಗೆ ಮಾಡಿ, ಬಾಗಿಲು ಸಡಿಲಿಸಿದ. ಆದರೆ ಗುಂಡವ್ವ ಅಷ್ಟಕ್ಕೇ ಬಿಡುವವಳಲ್ಲ. ಪಂಚನಾಮೆಯಲ್ಲಿ ಕಟ್ಟಿಗೆ ಉರಿಯುತ್ತಿತ್ತು, ಆದ್ದರಿಂದ ಉರಿಯಬೇಕು. ಕೋಳಿ ಇತ್ತು, ಆದ್ದರಿಂದ ಇರಬೇಕು, ಬೆಲ್ಲ ಸವರಿರಬೇಕು. ಗರ್ಭಿಣಿ ಇದ್ದಳು, ಕುರ್ಚಿ ಸಮೇತ.

"ಎಂಟು ತಿಂಗಳು ಅಂತ ಐತ್ರಿ. ಈಗ ಒಂಬತ್ತು ಮುಗ್ಯಾಕ ಬಂತು," ಎಂದು ಬಸವಂತರಾಯರು ಆತಂಕಪಟ್ಟರು.

"ಹೊಟ್ಟಿ ಮ್ಯಾಲ ತಿಂಗಳ ಬರದಿರತೈತೇನ್ರಿ?" ಎಂದರು ಸಂಜೀವಕುಮಾರ.

ಬುಧವಾರ ಬೆಳಿಗ್ಗೆ ಉಪಕಚೇರಿಯ ಅಂಗಳದಲ್ಲಿ ಮುದ್ದೆಮಾಲು ಯಥಾಸ್ಥಿತಿಯಲ್ಲಿ ಸಿದ್ಧವಾಯಿತು. ಹೊಗೆ ಎದ್ದಿತು. ದೊಡ್ಡ ಸಾಹೇಬರು ಹತ್ತಕ್ಕೆ ಬಂದರು, ತೂತು ಎಣಿಸಿದರು, ಪೈಪು ನೋಡಿದರು, ಗರ್ಭಿಣಿಗೆ ನಮಸ್ಕಾರ ಮಾಡಿದರು. ಹನ್ನೊಂದಕ್ಕೆ ಹೋಗಬೇಕಾಗಿದ್ದವರು ವಾಸನೆಯ ಕಾರಣ ಹೋಗಲಿಲ್ಲ. ಮೂರೂವರೆಗೆ ಬಾಗಿಲು ತೆರೆದಾಗ ಕೋಳಿ ಕರಿಬೆಲ್ಲದ ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿತ್ತು. ಮೊದಲ ತುಂಡನ್ನು ಗುಂಡವ್ವ ಮಗಳ ಬಾಯಿಗಿಟ್ಟಳು. ದಾನೇಶ್ವರಿ ಕಣ್ಣುಮುಚ್ಚಿ ತಿಂದಳು, ಒಂದು ಮಾತೂ ಆಡದೆ ಅರ್ಧ ಕೋಳಿ ಮುಗಿಸಿದಳು. ಶಂಕ್ರೆಪ್ಪ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ಹೊಗೆ ಎಂದು ಎಲ್ಲರೂ ತಿಳಿದರು.

ಉಳಿದರ್ಧವನ್ನು ಪರಿಶೀಲಿಸಿದ ದೊಡ್ಡ ಸಾಹೇಬರು ಬೆರಳು ನೆಕ್ಕಿಕೊಂಡು ಸ್ಥಳದಲ್ಲೇ ಆದೇಶ ಹೊರಡಿಸಿದರು: "ಇಷ್ಟು ಅಪಾಯಕಾರಿ ಭಟ್ಟಿಯನ್ನು ಜಿಲ್ಲೆಯಲ್ಲಿ ಈವರೆಗೆ ಕಂಡಿಲ್ಲ. ಪ್ರಕರಣ ಇತ್ಯರ್ಥವಾಗುವವರೆಗೆ ಸಮಸ್ತ ಮುದ್ದೆಮಾಲನ್ನು ಪಂಚನಾಮೆಯಲ್ಲಿರುವ ಸ್ಥಿತಿಯಲ್ಲೇ ಪ್ರತಿ ತಿಂಗಳ ಮೊದಲ ಬುಧವಾರ ನಮ್ಮ ಎದುರು ಹಾಜರುಪಡಿಸತಕ್ಕದ್ದು." ಐದು ದಿನದ ಮೇಲೆ ದಾನೇಶ್ವರಿ ಹೆಣ್ಣು ಹೆತ್ತಳು. ಪ್ರಕರಣ ಇತ್ಯರ್ಥವಾಗಲಿಲ್ಲ.

ಈಗ ನಾಲ್ಕು ವರ್ಷ. ಉಪಕಚೇರಿಗೆ ಇನ್ನೆರಡು ಹುದ್ದೆ ಮಂಜೂರಾಗಿವೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿಯಿಂದಲೂ ಅಧಿಕಾರಿಗಳು ಅಧ್ಯಯನಕ್ಕೆಂದು ಮೊದಲ ಬುಧವಾರವೇ ಬರುತ್ತಾರೆ. ಒಂದು ಕೋಳಿ ಸಾಲದೆ ಪಂಚನಾಮೆಗೆ ತಿದ್ದುಪಡಿ ತಂದು ಹನ್ನೆರಡು ಮಾಡಲಾಗಿದೆ. ಶಂಕ್ರೆಪ್ಪ ಮುದ್ದೆಮಾಲಿನ ಅಧಿಕೃತ ಪಾಲಕ. ತಂಗಡಗಿಯಿಂದ ದಾನೇಶ್ವರಿ ತಪ್ಪದೆ ಬಂದು ಕುರ್ಚಿಯಲ್ಲಿ ಕೂರುತ್ತಾಳೆ. ಬಸವಂತರಾಯರು "ಎಂಟು ತಿಂಗಳ ಗರ್ಭಿಣಿ ಒಬ್ಬಳು" ಎಂದು ಕೂಗಿದಾಗ ಅವಳು "ಹಾಜರ್ರಿ" ಎನ್ನುತ್ತಾಳೆ. ಯಾರಿಗೂ ನಗು ಬರುವುದಿಲ್ಲ.

ಕಳೆದ ತಿಂಗಳು ಅವಳ ಮಗಳು ಹೊನ್ನವ್ವ, ಕೋಳಿಯ ಕಾಲು ಚೀಪುತ್ತ, ಬಸವಂತರಾಯರ ಮೇಜಿಗೆ ಒರಗಿ ನಿಂತು ಕೇಳಿದಳು: "ಅಜ್ಜಾ, ಎಲ್ಲಾರ ಹೆಸರು ಕೂಗ್ತಿ. ನಂದು ಯಾಕ ಕೂಗಂಗಿಲ್ಲ?"

ಬಸವಂತರಾಯರು ಕಡತವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದರು. "ನೀ ಇನ್ನೂ ಹುಟ್ಟಿಲ್ಲವ್ವಾ," ಎಂದರು.

ಹೊನ್ನವ್ವ ಖಾಲಿ ತಾಟನ್ನು ಸಂಜೀವಕುಮಾರರ ಮುಂದೆ ಚಾಚಿದಳು. "ಹಂಗಾರ ಇನ್ನೊಂದು ಕಾಲು ಹಾಕ್ರಿ. ನಮ್ಮವ್ವಗ ಬಯಕಿ ಆಗೈತಿ."

ಬೇಡಿಕೆಯು ದಾಖಲೆಗಳಿಗೆ ಅನುಗುಣವಾಗಿದ್ದುದರಿಂದ, ಕೂಡಲೇ ಮಂಜೂರು ಮಾಡಲಾಯಿತು.