ಅಧಿಕೃತ ಆರೈಕೆದಾರರ ನೇಮಕ

ಮೆದುಳಿನ ಮುಪ್ಪಿನ ದೀರ್ಘಾವಧಿ ಅಧ್ಯಯನ ಕೇಂದ್ರವು ಇಪ್ಪತ್ತು ವರ್ಷಗಳಿಂದ ಅವೇ ಪ್ರಶ್ನೆಗಳನ್ನು ಕೇಳಿ, ಮೊದಲ ವರ್ಷದ ಅದೇ ಉತ್ತರಪಟ್ಟಿಯೊಡನೆ ತಾಳೆ ನೋಡುತ್ತ ಬಂದಿದೆ. ಪಟ್ಟಿ ಬದಲಾದರೆ ಹೋಲಿಕೆ ಕೆಡುತ್ತದೆ. ಹೋಲಿಕೆ ಕೆಟ್ಟರೆ ಅಧ್ಯಯನವೇ ಕೆಟ್ಟಂತೆ.

ಕೇಂದ್ರವಿರುವ ಬಡಾವಣೆಯ ಹೊಲಿಗೆ ಟೀಚರಮ್ಮ ಮೊದಲ ವರ್ಷದಿಂದಲೂ ಗಂಡನೊಡನೆ ತಪ್ಪದೆ ಹಾಜರಾದವರು. ಈ ಸಲ ಮಾತ್ರ ಅವರು ಬಂದ ಉದ್ದೇಶವೇ ಬೇರೆ. ನಿವೃತ್ತ ಪೋಸ್ಟ್‌ಮಾಸ್ಟರರಾದ ಯಜಮಾನರು ಆರು ತಿಂಗಳಿಂದ ಹಾಲಿನ ಪಾತ್ರೆಯನ್ನು ಬಟ್ಟೆ ಬೀರುವಿನಲ್ಲಿ ಇಡುತ್ತಿದ್ದರು. ಮೊನ್ನೆ ಸ್ವಂತ ಬೀದಿಯಲ್ಲೇ ಮನೆ ಹುಡುಕುತ್ತ ನಿಂತಿದ್ದರು. ಇನ್ನು ತನ್ನೊಬ್ಬಳ ಕೈಲಾಗದು, ನೆರವು ಕೇಳಿಯೇ ಬಿಡಬೇಕು ಎಂದು ಟೀಚರಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದರು.

ಮೊದಲು ಅವರದೇ ಸರದಿ.

“ವಯಸ್ಸೆಷ್ಟಮ್ಮಾ?” ಎಂದಳು ಪರೀಕ್ಷಕಿ.

“ಎಪ್ಪತ್ತೊಂದು.”

ಮೊದಲ ವರ್ಷದ ಕಡತದಲ್ಲಿ ಐವತ್ತೊಂದು ಎಂದಿತ್ತು. ತಪ್ಪು ಗುರುತು ಬಿತ್ತು.

“ಕೇಂದ್ರದ ಎದುರಿಗೆ ಏನಿದೆ?”

ಟೀಚರಮ್ಮ ಕಿಟಕಿಯಾಚೆ ನೋಡಿದರು. “ಚಪ್ಪಲಿ ಅಂಗಡಿ.”

ಪರೀಕ್ಷಕಿ ತನ್ನ ಕಾಲಲ್ಲಿದ್ದ ಜೋಡನ್ನು ಅಲ್ಲೇ ಕೊಂಡಿದ್ದಳು. ಆದರೆ ಪಟ್ಟಿಯಲ್ಲಿ ಟಾಕೀಸು ಇತ್ತು.

“ನಿಧಾನವಾಗಿ ಯೋಚಿಸಿ.”

“ಯೋಚಿಸೋದೇನು ತಾಯಿ, ಕಣ್ಣಿಗೇ ಕಾಣ್ತಾ ಇದೆಯಲ್ಲ!”

“ಇದು ಕಣ್ಣಿನ ಪರೀಕ್ಷೆ ಅಲ್ಲಮ್ಮಾ,” ಎಂದು ಆಕೆ ಮರುಕದಿಂದ ಇನ್ನೊಂದು ತಪ್ಪು ಹಾಕಿದಳು.

ಆಮೇಲೆ ಯಜಮಾನರು ಕೂತರು. ವಯಸ್ಸು ಐವತ್ತೈದು ಎಂದರು. ಎದುರಿಗೆ ಟಾಕೀಸು ಎಂದರು. ಕೆಡವಿ ಹನ್ನೆರಡು ವರ್ಷವಾದ ಆ ಟಾಕೀಸಿಗೆ ಸಂಜೆ ಹೆಂಡತಿಯನ್ನು ಕರೆದೊಯ್ಯುವುದಿದೆ, ಬೇಗ ಬಿಡಿ ಎಂದೂ ಸೇರಿಸಿದರು. ನೂರಕ್ಕೆ ನೂರು! ಸಿಬ್ಬಂದಿ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಟೀಚರಮ್ಮ ನೇರ ನಿರ್ದೇಶಕರ ಕೋಣೆಗೆ ನುಗ್ಗಿದರು. “ಸಾರ್, ಹುಷಾರಿಲ್ಲದಿರೋದು ಇವರಿಗೆ. ದಾರಿ ಮರೀತಾರೆ. ಒಂದೊಂದು ದಿನ ನನ್ನನ್ನೇ ಮರೀತಾರೆ.”

ನಿರ್ದೇಶಕರು ಬರೆದುಕೊಂಡರು: ‘ತನ್ನ ಕಾಯಿಲೆ ಗಂಡನದೆಂಬ ಭ್ರಮೆ.’ ಬಳಿಕ, “ಹೆದರಬೇಡಿ ತಾಯಿ. ಇಂಥ ಚುರುಕು ಬುದ್ಧಿಯ ಯಜಮಾನರು ಜೊತೆಗಿರೋದು ನಿಮ್ಮ ಪುಣ್ಯ,” ಎಂದರು.

ಆದೇಶ ಅಲ್ಲೇ ಹೊರಬಿತ್ತು. ತಪ್ಪುಗಳು ಈ ವರ್ಷ ಮಿತಿ ಮೀರಿದ್ದರಿಂದ ಟೀಚರಮ್ಮ ಆರಂಭಿಕ ಮರೆವಿನ ರೋಗಿ. ಪೋಸ್ಟ್‌ಮಾಸ್ಟರರು ಅಧಿಕೃತ ಆರೈಕೆದಾರರು. ಅವರಿಗೊಂದು ಬ್ಯಾಡ್ಜು, ಒಂದು ದಿನಚರಿ ಪುಸ್ತಕ. ಆರೈಕೆದಾರರು ಬೀದಿಯಲ್ಲಿ ರೋಗಿಯ ಕೈ ಬಿಡತಕ್ಕದ್ದಲ್ಲ. ಪ್ರತಿದಿನ ಬೆಳಿಗ್ಗೆ ರೋಗಿಯನ್ನು ‘ತಾವು ಯಾರು’ ಎಂದು ಕೇಳಿ ಉತ್ತರ ದಾಖಲಿಸತಕ್ಕದ್ದು.

ಮೂರು ದಿನ ಟೀಚರಮ್ಮ ಉರಿದುಬಿದ್ದರು. ಯಜಮಾನರಿಗೋ, ಕೆಲಸ ಸಿಕ್ಕ ಹುರುಪು. ತಾವಾಗಿಯೇ ಗಡ್ಡ ಹೆರೆದು, ಬ್ಯಾಡ್ಜು ಚುಚ್ಚಿಕೊಂಡು, ಹೆಂಡತಿಯ ಕೈ ಬಿಗಿಯಾಗಿ ಹಿಡಿದೇ ಹೊರಡುತ್ತಿದ್ದರು. ಹಾಗಾಗಿ ಅವರು ದಾರಿ ತಪ್ಪುವುದು ನಿಂತಿತು. ನೆರೆಯವರು ಟೀಚರಮ್ಮನ ಜೊತೆ ಜೋರಾಗಿ, ಅಕ್ಷರ ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಟೀಚರಮ್ಮನೂ ತಲೆಯಾಡಿಸುವುದನ್ನು ಕಲಿತರು.

ಮೊದಲೆಲ್ಲ ಗಂಡನ ಬಾಯಿಂದ ‘ತಾವು ಯಾರು’ ಎಂಬ ಪ್ರಶ್ನೆ ಬಂದ ದಿನ ಟೀಚರಮ್ಮ ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದರು. ಈಗ ಅದು ನಿಯಮ. ಬೆಳಿಗ್ಗೆ ಏಳಕ್ಕೆ ಯಜಮಾನರು ಪುಸ್ತಕ ಬಿಚ್ಚಿ ಎದುರು ಕೂರುತ್ತಾರೆ.

“ತಾವು ಯಾರು?”

“ನಿಮ್ಮ ಹೆಂಡತಿ.”

ಅವರು ಪೆನ್ನು ಎತ್ತಿ ಹಿಡಿದು ಒಂದು ಗಳಿಗೆ ಆ ಮುಖವನ್ನೇ ನೋಡುತ್ತಾರೆ.

“ಖಚಿತವೇ?”

“ಖಚಿತ.”

“ಬಹಳ ಸಂತೋಷ,” ಎಂದು ಸಹಿ ಹಾಕುತ್ತಾರೆ.