ಮೂವರು ಕಾವಲುಗಾರರು ಮತ್ತು ಒಂದು ಕಿಟಕಿ

"ಇನ್ನು ಈ ಕಂಪ್ಯೂಟರಿನೊಳಗೆ ಒಂದೇ ಒಂದು ಸೊಳ್ಳೆ ನುಗ್ಗಲಿ, ನೋಡೇಬಿಡ್ತೀನಿ!"

ಹೀಗೆಂದು ಘೋಷಿಸಿದವರು ಬೀಗದಣ್ಣ. ಬೀದಿಯ ತಿರುವಿನಲ್ಲಿ ಬೀಗ ಮಾರುವ, ರಿಪೇರಿ ಮಾಡುವ ಅಂಗಡಿ ಅವರದು. ಒಂದೇ ಬೀಗವಿರುವ ಬಾಗಿಲನ್ನು ಅವರು ಬಾಗಿಲೆಂದು ಒಪ್ಪುವುದೇ ಇಲ್ಲ, ಪರದೆ ಎನ್ನುತ್ತಾರೆ. ಸ್ವಂತ ಮನೆಯ ಮುಂಬಾಗಿಲಿಗೆ ಮೂರು ಬೀಗ! "ನೀವು ಬಾಗಿಲು ತೆಗೆಯೋಷ್ಟರಲ್ಲಿ ಹೊರಗಿಟ್ಟ ಹಾಲು ಒಡೆದಿರುತ್ತೆ" ಎಂದು ಹೆಂಡತಿ ಗೊಣಗಿದರೆ, "ಒಡೆದದ್ದು ಹಾಲು ತಾನೇ, ಬಾಗಿಲಲ್ಲವಲ್ಲ!" ಎಂದು ಮೀಸೆ ತಿರುವುತ್ತಾರೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಗಳಿಗೆ ಕಂಪ್ಯೂಟರಿನಲ್ಲೇ ಸಂದರ್ಶನ. ಔಷಧ ಕಂಪನಿಯ ಕೆಲಸ; ಎಷ್ಟೋ ಅರ್ಜಿಗಳ ಮೇಲೆ ಬಂದ ಮೊದಲ ಕರೆ. ಅಂಥ ಹೊತ್ತಿನಲ್ಲಿ ವೈರಸ್ ಬಂದರೆ? ಬೀಗದಣ್ಣ ಒಂದು ಆಂಟಿವೈರಸ್ ಹಾಕಿದರು. ಸಮಾಧಾನವಾಗಲಿಲ್ಲ. ಅದರ ಮೇಲೆ ಇನ್ನೊಂದು. ಅವೆರಡನ್ನೂ ಕಾಯಲು ಮೂರನೆಯದು! ಅದೇ ಉಮೇದಿನಲ್ಲಿ ಮಗಳ ಫೋನಿನ ಪಾಸ್‌ವರ್ಡನ್ನೂ ಬದಲಾಯಿಸಿ, ಯಾವ ಕಳ್ಳನಿಗೂ ಹೊಳೆಯದಷ್ಟು ಕಷ್ಟದ್ದನ್ನು ಇಟ್ಟರು.

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ, ಅದು ಬೆಟ್ಟ ಹತ್ತುವ ಲಾರಿಯಂತೆ ಏದುಸಿರು ಬಿಡತೊಡಗಿತು. 'ಅಪಾಯ! ಎರಡನೆಯವನು ನಿಮ್ಮ ಫೈಲುಗಳನ್ನು ಇಣುಕಿ ನೋಡುತ್ತಿದ್ದಾನೆ' ಎಂಬ ಅರ್ಥದ ಕೆಂಪು ಚೌಕವನ್ನು ಮೊದಲನೆಯದು ತೋರಿಸಿತು. ಮೊದಲನೆಯವನೇ ಕಳ್ಳ ಎಂದಿತು ಎರಡನೆಯದು. ಇಬ್ಬರನ್ನೂ ಒದ್ದು ಹೊರಹಾಕಲೇ ಎಂದು ಕೇಳಿತು ಮೂರನೆಯದು. ಬೀಗದಣ್ಣನ ತಲೆ ಗಿರ್ರೆಂದಿತು. ಯಾರ ಮಾತು ನಂಬುವುದು?

"ಲೇ, ಈ ಮೂವರಲ್ಲಿ ಕಳ್ಳ ಯಾರು ಅಂತೀಯಾ?"

"ಮೂವರನ್ನೂ ಒಳಗೆ ಬಿಟ್ಕೊಂಡವರು ಯಾರು? ಅವರನ್ನ ಕೇಳಿ!" ಎಂದಳು ಹೆಂಡತಿ.

ಅಷ್ಟರಲ್ಲಿ ಮಗಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದು ಕುಳಿತಳು. ಕ್ಯಾಮೆರಾ ಬಳಸಲು ಬಿಡಬಹುದೇ ಎಂದು ಪರದೆ ಕೇಳಿತು. ಅವಳು ಕೈ ಚಾಚುವ ಮೊದಲೇ ಅಪ್ಪ 'ಬೇಡ' ಒತ್ತಿಬಿಟ್ಟರು. ಮೈಕು? ಅದೂ ಬೇಡ!

"ಅಪ್ಪಾ! ಕ್ಯಾಮೆರಾ ಕೇಳ್ತಿರೋದು ನಾನೇ!"

"ನೀನೇ ಅಂತ ಏನು ಗ್ಯಾರಂಟಿ ಪುಟ್ಟಿ? ಕಳ್ಳನೂ ಹಾಗೇ ಹೇಳ್ತಾನೆ."

ಕಂಪ್ಯೂಟರ್ ಕೊನೆಯ ಬಾರಿ ನಿಟ್ಟುಸಿರಿಟ್ಟು ಕಲ್ಲಾಯಿತು. ಅಪ್ಪ-ಅಮ್ಮನದು ವಿಡಿಯೋ ಬಾರದ ಹಳೇ ಗುಂಡಿ ಫೋನು; ಮಗಳು ತನ್ನ ಫೋನ್ ಎತ್ತಿಕೊಂಡು ಪಾಸ್‌ವರ್ಡ್ ಕೇಳಿದಳು. ಬೀಗದಣ್ಣ ಸೂರು ನೋಡಿದರು, ನೆಲ ನೋಡಿದರು. ಅದು ಕಳ್ಳರಿಗೆ ಹೊಳೆಯುವಂಥದ್ದಲ್ಲ ನಿಜ. ಈಗ ಅವರಿಗೂ ಹೊಳೆಯುತ್ತಿಲ್ಲ!

"ಮಹಡಿ ಮನೆ ಮೇಷ್ಟ್ರ ಹತ್ರ ಕಂಪ್ಯೂಟರ್ ಇದೆ. ಬಾಗಿಲು ತೆಗೀರಿ ಅಪ್ಪಾ, ಓಡ್ತೀನಿ!"

ಬೀಗದಣ್ಣ ಕೀ ಗೊಂಚಲು ಹಿಡಿದು ಧಾವಿಸಿದರು. ಮೇಲಿನ ಬೀಗ ತೆರೆಯಿತು. ನಡುವಿನದಕ್ಕೆ ಗಡಿಬಿಡಿಯಲ್ಲಿ ಕೆಳಗಿನದರ ಕೀ ತುರುಕಿ ಬಲವಾಗಿ ತಿರುಗಿಸಿದರು. ಟಕ್! ಅರ್ಧ ಕೀ ಕೈಯಲ್ಲಿ, ಅರ್ಧ ಬೀಗದಲ್ಲಿ.

"ನಿಮ್ಮ ಇಕ್ಕಳ, ತಂತಿ ಎಲ್ಲಾ ಎಲ್ರೀ?" ಎಂದಳು ಹೆಂಡತಿ.

"ಅಂಗಡೀಲಿ... ಭದ್ರವಾಗಿ ಬೀಗ ಹಾಕಿಟ್ಟಿದೀನಿ."

ಮಗಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ಬೀಗದಣ್ಣನ ಮೀಸೆ ಇಳಿಬಿತ್ತು. ಅಡುಗೆಮನೆಯ ಕಿಟಕಿಗೆ ಓಡಿ, ಮೆಟ್ಟಿಲ ಕಡೆಗೆ "ಮೇಷ್ಟ್ರೇ! ಕಾಪಾಡಿ ಮೇಷ್ಟ್ರೇ!" ಎಂದು ಕೂಗಿದರು. ಮೇಷ್ಟ್ರು ಗಾಬರಿಯಿಂದ ಇಳಿದು ಬಂದು, ವಿಷಯ ತಿಳಿದು ತಮ್ಮ ಫೋನನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿದರು. "ತಗೋಮ್ಮ. ಇದಕ್ಕೆ ಬೀಗವೂ ಇಲ್ಲ, ಚಿಲಕವೂ ಇಲ್ಲ." ಮಗಳು ಅದರಲ್ಲೇ ಕಂಪನಿಯ ಕರೆಗೆ ಸೇರಿದಳು. ಒಳಗೆ ಸಿಗ್ನಲ್ ನಿಲ್ಲದ್ದರಿಂದ ಮೇಷ್ಟ್ರೇ ಮೆಟ್ಟಿಲ ಮೇಲೆ ನಿಂತು ಫೋನ್ ಹಿಡಿದರು, ಅವಳು ಸರಳುಗಳ ಹಿಂದೆ ನಿಂತಳು.

"ಏನಮ್ಮಾ, ಯಾವುದಾದರೂ ಜೈಲಿನಿಂದ ಮಾತಾಡ್ತಿದ್ದೀರಾ?" ಎಂದಿತು ಫೋನು.

"ಇಲ್ಲ ಸರ್, ಮನೆಯಿಂದಲೇ. ನಮ್ಮಪ್ಪ ನನ್ನನ್ನ ತುಂಬಾ ಭದ್ರವಾಗಿ ಇಟ್ಟಿದ್ದಾರೆ" ಎಂದು ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆ ನಗು ಹಬ್ಬಿತು. ಆಮೇಲಿನ ಪ್ರಶ್ನೆಗಳಿಗೆ ಅವಳು ತಡವರಿಸದೆ ಉತ್ತರಿಸಿದಳು. ಕೊನೆಗೆ ಅವರೆಂದರು: "ಮಧ್ಯಾಹ್ನ ನಮ್ಮ ಆಫೀಸಿಗೇ ಬಂದುಬಿಡಿ. ಬಾಗಿಲು ತೆಗೆಸಿಕೊಂಡು!"

ತೆಗೆಸುವುದು ಯಾರಿಂದ? ಬೀದಿಯ ಇನ್ನೊಂದು ತುದಿಯ ಬೀಗದ ಅಂಗಡಿಯವನಿಂದ. 'ಅವನಾ? ಡಬ್ಬದ ಮುಚ್ಚಳ ತೆಗೆಯೋಕೂ ಬಾರದವನು!' ಎಂದು ಬೀಗದಣ್ಣ ಸದಾ ಆಡಿಕೊಳ್ಳುತ್ತಿದ್ದವನು! ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಹೋಗಿ ಕರೆತಂದರು. ಅವನು ಹೊರಗೆ ನಿಂತು ಉಳಿದ ಎರಡೂ ಬೀಗಕ್ಕೆ ಒಂದು ತಂತಿ ತೂರಿಸಿ ಏನೋ ಆಡಿಸಿದ. ಬೀಗದಣ್ಣ ಬೆವರು ಒರೆಸಿಕೊಳ್ಳುವುದರೊಳಗೆ ಬಾಗಿಲು ತೆರೆದೇಬಿಟ್ಟಿತು! ಮಗಳು ಚೀಲ ಹೆಗಲಿಗೇರಿಸಿ ಬಾಣದಂತೆ ಹೊರಟಳು.

ಅವನು ಬೀಗವನ್ನು ಬಗ್ಗಿ ನೋಡಿ, ಹುಸಿ ಮರುಕದಿಂದ ತಲೆಯಾಡಿಸಿದ. "ಅಕ್ಕಾ, ಇಷ್ಟು ಸಲೀಸಾಗಿ ತೆರೆಯೋ ಬೀಗಾನ ನಿಮಗೆ ಮಾರಿದ್ದು ಯಾರು? ಚೆನ್ನಾಗಿ ಟೋಪಿ ಹಾಕಿದ್ದಾರೆ."

ಬೀಗದಣ್ಣ ಕಂಪ್ಯೂಟರಿನಂತೆಯೇ ಕಲ್ಲಾಗಿ ನಿಂತಿದ್ದರು. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಅವರ ಹೆಸರು ಹೇಳೋ ಹಾಗಿಲ್ಲಪ್ಪ. ಭದ್ರತೆಯ ವಿಷಯ!"